ಹಳೆಯ ಸ್ಪೀಕರಿಗೆ ಹೊಸ ರಿಸೀವರ್

ಬೇಡದ ವಸ್ತುವನ್ನು ಬೇಡವೆನ್ನುವುದು ಸುಲಭ. ಬೇಕಾದ ವಸ್ತು ಎಷ್ಟರಮಟ್ಟಿಗೆ ಬೇಕೆಂದು ನಿರ್ಣಯಿಸುವುದು ಕಠಿಣ. ಗೃಹಸ್ಥನ ಪರಿಗ್ರಹ ಪರಿಮಾಣ ವ್ರತಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಈ ಎರಡನೆಯ ಸಂದರ್ಭದಲ್ಲಿಯೇ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ 20 ವರ್ಷಗಳಿಂದ ಐದು ಸ್ಪೀಕರುಗಳೂ ಒಂದು ಸಬ್‌ವೂಫರೂ ಇವೆ. ಇವನ್ನು ನುಡಿಸುತ್ತಿದ್ದ ರಿಸೀವರ್ ಕೆಟ್ಟಾಗ ಬಿಡಿಭಾಗಗಳು ದೊರೆಯಲಿಲ್ಲ. ವಯೋವೃದ್ಧರಾದ ನಮ್ಮ ತಂದೆಯವರಿಗೆ ಸಂಜೆಯ ಪ್ರವಚನ ಕೇಳುವುದು ನಿತ್ಯನಿಯಮ. ಟೀವಿಯ ಧ್ವನಿಯಲ್ಲಿ ಮಾತು ಅವರಿಗೆ ಸ್ಪಷ್ಟವಾಗಿ ತಿಳಿಯದು. ಆದ್ದರಿಂದ ರಿಸೀವರ್ ಬೇಕೇ ಎಂಬ ಪ್ರಶ್ನೆ ಇರಲಿಲ್ಲ. "ಅಪ್ಪಾ, ಹಳೆಯದಕ್ಕೆ ಹೊಸದು ಹೊಂದುವುದಿಲ್ಲ. ಸ್ಪೀಕರುಗಳನ್ನೂ ಬದಲಿಸಿಬಿಡೋಣ" ಎಂದು ಮಗನು ಹೇಳಿದನು. ಅಂಗಡಿಯವರ ಮಾತೂ ಅದೇ ಆಗಿತ್ತು.

ಹೊಂದುವುದಿಲ್ಲವೆಂಬ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂದು ತಂದೆ, ಮಗ ಇಬ್ಬರೂ ಕುಳಿತು ನೋಡಿದೆವು. ಸ್ಪೀಕರುಗಳ ಹಿಂಬದಿಯಲ್ಲಿ 8 ಓಮ್ ಎಂದಿತ್ತು. ಓಮ್ ಕಡಿಮೆಯಾದಷ್ಟೂ ರಿಸೀವರಿನಿಂದ ಹೆಚ್ಚು ವಿದ್ಯುತ್ತು ಹರಿದು ಅದು ಕಾಯುತ್ತದೆ. 3 ಅಥವಾ 4 ಓಮಿನ ಸ್ಪೀಕರಾಗಿದ್ದರೆ ಎಚ್ಚರ ಬೇಕು. 8 ಓಮಿಗೆ ಸಾಮಾನ್ಯ ರಿಸೀವರುಗಳೆಲ್ಲ ಸಲ್ಲುತ್ತವೆ. ಸಬ್‌ವೂಫರಿಗೆ ತನ್ನದೇ ವಿದ್ಯುತ್ ತಂತಿ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಒಂದೇ ಪೆಟ್ಟಿಗೆಯಲ್ಲಿ ಬಂದ ಅನೇಕ ಹಳೆಯ ಸೆಟ್ಟುಗಳಲ್ಲಿ ಅದಿರುವುದಿಲ್ಲ, ಅಂಥವು ಹೊಸ ರಿಸೀವರಿಗೆ ನೇರವಾಗಿ ಕೂಡುವುದಿಲ್ಲ. ನಮ್ಮದಕ್ಕೆ ಇತ್ತು. ಒಂದು ಸ್ಪೀಕರಿನ ಕೋನಿನ ಸುತ್ತಲಿನ ಫೋಮ್ ಮಾತ್ರ ಪುಡಿಯಾಗಿತ್ತು, ಎಸ್.ಪಿ. ರಸ್ತೆಯ ಕಡೆಯ ದುರಸ್ತಿಗಾರರೊಬ್ಬರು ಅದನ್ನು ಬದಲಿಸಿಕೊಟ್ಟರು.

ಇನ್ನು ವ್ಯಾಟಿನ ಮೋಹ. 50 ವ್ಯಾಟಿನಿಂದ 100 ವ್ಯಾಟಿಗೆ ಏರಿದರೆ ಧ್ವನಿ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸಣ್ಣ ವ್ಯತ್ಯಾಸ, ಬೆಲೆಯಲ್ಲಿ ದೊಡ್ಡದು. 88 ಡೆಸಿಬಲ್ ಎಂದು ನಮೂದಾದ ಸ್ಪೀಕರು ಒಂದು ವ್ಯಾಟಿನಿಂದಲೇ ಒಂದು ಮೀಟರ್ ದೂರದಲ್ಲಿ ಅಷ್ಟು ಧ್ವನಿ ಕೊಡುತ್ತದೆ. ಸಾಮಾನ್ಯ ಮಾತುಕತೆಯೋ ಸುಮಾರು 60 ಡೆಸಿಬಲ್. 30×40 ಅಡಿ ನಿವೇಶನದ ಮನೆಯ ಹಜಾರಕ್ಕೆ ಇನ್ನೆಷ್ಟು ಬೇಕು?

ನೆರೆಮನೆಯ ಗೋಡೆ ನಮ್ಮಿಂದ ಕೆಲವೇ ಅಡಿ. ಅಲ್ಲಿ ಪರೀಕ್ಷೆಗೆ ಓದುವ ಹುಡುಗಿಯಿದ್ದಾಳೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿಯನ್ನು ಇಟ್ಟಿವೆ. ಕಾನೂನು ಇಲ್ಲದಿದ್ದರೂ ಅನ್ಯರ ಶಾಂತಿಯನ್ನು ಕದಡದಿರುವುದು ನಮ್ಮ ಅಹಿಂಸೆಯೊಳಗೇ ಸೇರಿದೆ. ತಂದೆಯವರಿಗೆ ಬೇಕಾದದ್ದು ಗಟ್ಟಿ ಧ್ವನಿಯಲ್ಲ, ಸ್ಪಷ್ಟ ಮಾತು. ಟೀವಿಯಿಂದ ಎಚ್‌ಡಿಎಂಐ ಎ.ಆರ್.ಸಿ. ತಂತಿಯೊಂದನ್ನು ಕೂಡಿಸಿ, ಮಾತು ಹೊರಡಿಸುವ ನಡುವಿನ ಸ್ಪೀಕರನ್ನಷ್ಟೇ ನಾಲ್ಕು ಡೆಸಿಬಲ್ ಏರಿಸಿದೆವು, ಉಳಿದವುಗಳನ್ನು ಇಳಿಸಿದೆವು. ತಂದೆಯವರು, "ಈಗ ಮಾತು ಬಿಡಿಬಿಡಿಯಾಗಿ ಕೇಳುತ್ತಿದೆ" ಎಂದರು. ಸಾಧಾರಣ 5.1 ರಿಸೀವರಿನಲ್ಲಿಯೇ ಇದೆಲ್ಲ ಸಾಧ್ಯವಾಯಿತು.

ಛಾವಣಿಗೂ ಸ್ಪೀಕರು ಕೂಡಿಸಬಲ್ಲ ಏಳು, ಒಂಬತ್ತು ಚಾನೆಲ್ಲಿನ ಯಂತ್ರಗಳನ್ನು ಮಗನು ಬಲ್ಲನು. ಅವು ಕೆಟ್ಟವಲ್ಲ. ಆದರೆ ಮಿತಿಯನ್ನು ಅಂಗಡಿಯ ಒಳಗೆ ನಿಂತು ಗೊತ್ತುಮಾಡಲಾಗದು. ಮನೆಯಲ್ಲಿಯೇ ಗೊತ್ತುಮಾಡಿ ಹೊರಡಬೇಕು. ಇದನ್ನು ಅವನೇ ಹೇಳಿದನೆಂಬುದು ನನಗೆ ಸಂತೋಷ.

ಕೆಟ್ಟ ರಿಸೀವರನ್ನು ಗುಜರಿಗೆ ಹಾಕಲಿಲ್ಲ. ಹಳೆಯ ಯಂತ್ರಗಳ ಬೆಸುಗೆಯಲ್ಲಿ ಸೀಸವಿರುತ್ತದೆ; ಅದನ್ನು ಸುಟ್ಟರೆ ಮಣ್ಣು, ನೀರು, ಜೀವಿಗಳಿಗೆಲ್ಲ ಹಾನಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿದೆವು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ದಾನಿಗಳು ಹೊಸ ಧ್ವನಿವರ್ಧಕ ಕೊಡಲು ಮುಂದೆ ಬಂದಾಗ, ಇರುವುದರಲ್ಲಿ ಕೆಟ್ಟಿರುವ ಭಾಗ ಯಾವುದೆಂದು ಮೊದಲು ನೋಡಿಸಿರಿ. ಬಸದಿಗಳಲ್ಲಿ ದೂರದವರೆಗೆ ತಂತಿ ಎಳೆದ ಸ್ಪೀಕರುಗಳು ಹಲವೆಡೆ 100 ವೋಲ್ಟ್ ಪದ್ಧತಿಯವು. ಮನೆಯ ರಿಸೀವರ್ ಅವುಗಳಿಗೆ ಸಲ್ಲದು. ಒಂದು ಭಾಗ ಬದಲಿಸಿ ಉಳಿದ ಹಣ ಶಾಸ್ತ್ರದಾನಕ್ಕೋ ಔಷಧದಾನಕ್ಕೋ ಸಂದರೆ ದಾನಿಗೂ ಪುಣ್ಯ, ವಸ್ತುವಿಗೂ ಆಯುಷ್ಯ.