ಶಿರಾಡಿಯ ಇಳಿಜಾರೂ ಎರಡು ಬೋಲ್ಟುಗಳೂ

ಸಕಲೇಶಪುರವನ್ನು ದಾಟಿ ಮಂಗಳೂರಿನತ್ತ ಸಾಗುವ ಹೆದ್ದಾರಿಯು ಶಿರಾಡಿ ಘಟ್ಟದಲ್ಲಿ ಕೆಂಪುಹೊಳೆಯ ಜೊತೆಗೂಡಿ, ಕಾಡಿನೊಳಗೆ ಬಳಸಿ ಬಳಸಿ ಗುಂಡ್ಯಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಇಲ್ಲಿನ ಹಸುರು ಕಣ್ಣಿಗೆ ಹಬ್ಬವೇ ಸರಿ. ಆದರೆ ಬಂಡಿ ನಡೆಸುವವನ ಮನಸ್ಸೆಲ್ಲ ಬ್ರೇಕಿನ ಮೇಲೆಯೇ.

ಸಣ್ಣ ಲಾರಿಗಳ ಮುಂದಿನ ಗಾಲಿಯಲ್ಲಿ, ತಿರುಗುವ ಬಿಲ್ಲೆಯನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ಸಾಮಾನ್ಯವಾಗಿ ಎರಡೇ ಬೋಲ್ಟುಗಳ ಆಧಾರ. ಹಳೆಯ ಬಂಡಿಯಲ್ಲಿ ತುಕ್ಕಿನಿಂದಲೋ, ಓರೆಯಾಗಿ ಹೊಗಿಸಿ ಮಿತಿಮೀರಿ ಬಿಗಿದುದರಿಂದಲೋ ರಂಧ್ರದೊಳಗಣ ತಿರುಪಿನ ಸುತ್ತುಗಳು ಕಿತ್ತುಹೋದರೆ ಬೋಲ್ಟು ನಿಲ್ಲದು. ಇಳಿಜಾರಿನಲ್ಲಿ ಅದು ಕಳಚಿದರೆ ಗತಿಯೇನು?

ಘಟ್ಟವಿಳಿಯುವ ಮುನ್ನವೇ ಇದಕ್ಕೆ ಮದ್ದುಂಟು. ಕುಶಲನಾದ ಮೆಕ್ಯಾನಿಕನು ರಂಧ್ರವನ್ನು ನೆಟ್ಟಗೆ ಕೊರೆದು ಕೊಂಚ ಅಗಲಮಾಡಿ, ಟ್ಯಾಪಿನಿಂದ ಹೊಸ ಸುತ್ತುಗಳನ್ನು ಕೊಯ್ದು, ಚೂರುಗಳನ್ನೆಲ್ಲ ತೆಗೆದು, ತುಕ್ಕುಹಿಡಿಯದ ಉಕ್ಕಿನ ತಂತಿಯ ಸುರುಳಿಯೊಂದನ್ನು ಒಳಗೆ ತಿರುಗಿಸಿ ಕೂರಿಸುತ್ತಾನೆ. ಸುರುಳಿಯು ರಂಧ್ರಕ್ಕಿಂತ ತುಸು ದಪ್ಪವಾದುದರಿಂದ ಸ್ಪ್ರಿಂಗಿನಂತೆ ಅಗಲಿಸಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಮೊದಲಿನ ಅಳತೆಯ ಬೋಲ್ಟೇ ಅದರಲ್ಲಿ ಕೂಡುತ್ತದೆ. ಬಳಿಕ ತಯಾರಕರು ಹೇಳಿದ ಬಿಗಿತಕ್ಕೆ ಅಳೆದು ಬಿಗಿಯಬೇಕು. ಲೋಹವೇ ಬಿರುಕುಬಿಟ್ಟಿದ್ದರೆ ಆ ಭಾಗವನ್ನೇ ಬದಲಿಸತಕ್ಕದ್ದು. ಅಂಟು, ದಾರಗಳ ಉಪಾಯ ಇಲ್ಲಿ ಸಲ್ಲದು.

ಘಟ್ಟದ ಚೆಲುವನ್ನು ಕಾಣಹೊರಟ ಗೃಹಸ್ಥರು ಈ ಎರಡು ಬೋಲ್ಟುಗಳನ್ನು ಮೊದಲು ನೋಡಿಸಿಕೊಂಡು ಹೊರಡುವುದು ಲೇಸು.