ಕೆರೆಯಂಗಳದಲ್ಲಿ ಏಷ್ಯದ ಹೆಬ್ಬಾಗಿಲು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ತುರ್ವಿಹಾಳವೆಂಬುದೊಂದು ಪಟ್ಟಣ. ಒಮ್ಮೆ ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಎರೆಯ ಸೀಮೆ ಅದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಹರಿಸಿದ ಮೇಲೆ ಸಿಂಧನೂರಿನ ಸೀಮೆಗೆ ಭತ್ತದ ಕಣಜವೆಂಬ ಹೆಸರು ಬಂದಿತು. ಕಾಲುವೆಯ ಬದಿಯಲ್ಲಿ ಬಾಳುವವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ಜಲಾಶಯ ತುಂಬಿದ ಮಾತ್ರಕ್ಕೆ ಹೊಲಕ್ಕೆ ನೀರು ಬಂದಂತಾಗಲಿಲ್ಲ. ಮುಖ್ಯ ಕಾಲುವೆಯಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ, ಒಂದೊಂದೇ ತೂಬನ್ನು ದಾಟಿ ನೀರು ಬರಬೇಕು. ಮೇಲಿನ ಭಾಗದಲ್ಲಿ ಗೇಜು ನಿಲ್ಲದಿದ್ದರೆ ಕೊನೆಯ ಭಾಗದ ರೈತನಿಗೆ ಆ ವರ್ಷದ ಬೆಳೆಯೇ ಇಲ್ಲ.

ಏಷ್ಯ ಖಂಡದ ಕಾಲ್ಚೆಂಡಾಟದ ಏರ್ಪಾಡೂ ಬಹುಮಟ್ಟಿಗೆ ಹೀಗೆಯೇ ಇದೆ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಏಷ್ಯಾ ಕಪ್ ಎಂಬ ಮಹಾಪಂದ್ಯಾವಳಿಯನ್ನು ಜಗತ್ತು ನೋಡುತ್ತದೆ. ಪತ್ರಿಕೆಗಳು ಚಿತ್ರಸಹಿತ ವರ್ಣಿಸುತ್ತವೆ. ಆದರೆ ಆ ಅಂಗಳಕ್ಕೆ ಕಾಲಿಡುವ ಮೊದಲು ದೇಶದೇಶಗಳ ತಂಡಗಳು ಅರ್ಹತಾ ಸುತ್ತುಗಳೆಂಬ ತೂಬುಗಳನ್ನು ದಾಟಬೇಕು. ಜಯಘೋಷ, ಬೆಳ್ಳಿಯ ಬಟ್ಟಲು ಯಾವುದೂ ಅಲ್ಲಿಲ್ಲ. ದಾಟಿದವನಿಗೆ ಮುಂದಿನ ದಾರಿ, ದಾಟದವನಿಗೆ ನಾಲ್ಕು ವರ್ಷಗಳ ಬರ.

ಕನ್ನಡನಾಡಿನ ನೆಲದಲ್ಲಿ ಇಂಥ ತೂಬು ಸಂಭ್ರಮದಿಂದ ತೆರೆದುಕೊಂಡ ಸ್ಥಳವೊಂದಿದೆ. ತುರ್ವಿಹಾಳದಿಂದ ನಾನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವೇ ಅದು.

ದಾರಿ

ಸಿಂಧನೂರನ್ನು ಬಿಟ್ಟ ಪ್ರಯಾಣಿಕನು ದಢೇಸೂಗೂರಿನ ಬಳಿ ತುಂಗಭದ್ರೆಯನ್ನು ದಾಟಿ, ಸಿರುಗುಪ್ಪ, ಬಳ್ಳಾರಿಗಳ ಮಾರ್ಗವಾಗಿ ಚಳ್ಳಕೆರೆ, ಹಿರಿಯೂರುಗಳ ಬಯಲನ್ನು ಹಾಯ್ದು, ತುಮಕೂರಿನ ಹೆದ್ದಾರಿಯಿಂದ ರಾಜಧಾನಿಯನ್ನು ಸೇರುತ್ತಾನೆ. ಬಹುಕಾಲ ಇದು ರಾತ್ರಿಯ ಬಸ್ಸಿನ ದಾರಿಯೇ ಆಗಿತ್ತು. 2024ರಲ್ಲಿ ರೈಲು ಕಾರಟಗಿಯಿಂದ ಮುಂದೆ ಸಿಂಧನೂರಿನವರೆಗೆ ಬಂದಿತು. ಈಗ ಈ ಸೀಮೆಯವರು ತಮ್ಮ ತಾಲ್ಲೂಕಿನಲ್ಲೇ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯಬಹುದು.

ಕೆರೆ ಹೋಗಿ ಅಂಗಳವಾದ ಕಥೆ

ಕಬ್ಬನ್ ಉದ್ಯಾನದ ಮರಗಳ ನೆರಳು ಮುಗಿಯುವಲ್ಲಿ, ವಾಹನಗಳ ಮೊರೆತದ ನಡುವೆ, ಕಂಠೀರವ ಕ್ರೀಡಾಂಗಣ ಬಟ್ಟಲಿನಂತೆ ಕುಳಿತಿದೆ. ಸುತ್ತ ಮೆಟ್ಟಿಲುಮೆಟ್ಟಿಲಾಗಿ ಏರಿದ ಆಸನಗಳು. ಸುಮಾರು ಇಪ್ಪತ್ತೈದು ಸಾವಿರ ಜನರಿಗೆ ಎಡೆ. ಹುಲ್ಲಿನ ಅಂಗಳಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಹಾದಿ ಕೆಂಪಾಗಿ ಸುತ್ತುಗಟ್ಟಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ನೆನಪು ಈ ಕಟ್ಟಡಕ್ಕೆ ಅಂಟಿಕೊಂಡಿದೆ.

ಆದರೆ ನೆಲದ ನೆನಪು ಕಟ್ಟಡದ ನೆನಪಿಗಿಂತ ಹಳೆಯದು. ಇಲ್ಲಿ ಹಿಂದೆ ಸಂಪಂಗಿ ಕೆರೆಯಿತ್ತು. ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದು ಬರುವ ಮೊದಲು ಬೆಂಗಳೂರಿಗೆ ನೀರುಣಿಸಿದ ಕೆರೆಗಳಲ್ಲಿ ಅದೂ ಒಂದು. ಅದರ ನೀರಿನಿಂದ ತೋಟಗಾರರು ಹೂವು, ತರಕಾರಿ ಬೆಳೆದರು. ಒಣಗಿದ ಅಂಚಿನಲ್ಲಿ ದಂಡಿನ ಸಾಹೇಬರು ಪೋಲೊ ಆಡಿದರು. ಕೊಳವೆಯ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲವಾಗಿ, ಅದು ಮೆಲ್ಲಮೆಲ್ಲನೆ ಬತ್ತಿ ಬಯಲಾಯಿತು. ಇಂದು ಉಳಿದಿರುವುದು ಕ್ರೀಡಾಂಗಣದ ಮಗ್ಗುಲಿನ ಒಂದು ಪುಟ್ಟ ಕೊಳ ಮಾತ್ರ. ಚೈತ್ರಮಾಸದಲ್ಲಿ ಧರ್ಮರಾಯನ ಕರಗದ ವಿಧಿಗಳಿಗೆ ತಿಗಳ ಸಮುದಾಯದವರು ಆ ನೀರಿನ ಬಳಿಗೆ ಈಗಲೂ ಬರುತ್ತಾರೆ. ತುರ್ವಿಹಾಳದ ಕಡೆ ಕಳೆದ ಶತಮಾನ ನೀರನ್ನು ತಂದುಕೊಟ್ಟಿತು. ಇಲ್ಲಿ ಅದೇ ಶತಮಾನ ನೀರನ್ನು ಕಸಿದು ಆಟದಂಗಳವನ್ನು ಕೊಟ್ಟಿತು. ಅಂಗಳದ ಬೆಲೆಯನ್ನು ಎಣಿಸುವಾಗ ಈ ಲೆಕ್ಕವನ್ನು ಮರೆಯಲಾಗದು.

ಹಿಂದಿನ ಬಾಗಿಲುಗಳು

ಏಷ್ಯಾ ಕಪ್ಪಿನ ಮೊದಲ ಪಂದ್ಯಾವಳಿ 1956ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ನಡೆಯಿತು. ಅಲ್ಲಿ ಭಾರತ ಆಡಲಿಲ್ಲ. ಮುಂದಿನ ಪಂದ್ಯಾವಳಿಯ ಅರ್ಹತಾ ಸುತ್ತು 1959ರ ಡಿಸೆಂಬರಿನಲ್ಲಿ ನೆರೆಯ ಕೇರಳದ ಎರ್ನಾಕುಳಂನಲ್ಲಿಯೇ ನಡೆಯಿತು. ಭಾರತ, ಇರಾನ್, ಪಾಕಿಸ್ತಾನ, ಇಸ್ರೇಲ್ ತಂಡಗಳು ಸೆಣಸಿದವು, ದಾಟಿದ್ದು ಇಸ್ರೇಲ್. ತವರುನೆಲವೆಂಬುದೇ ಜಯದ ಭರವಸೆಯಲ್ಲವೆಂಬ ಪಾಠವನ್ನು ಭಾರತ ಅಷ್ಟು ಹಿಂದೆಯೇ ಕಲಿತಿತ್ತು.

1964ರಲ್ಲಿ ಅದೃಷ್ಟ ತಿರುಗಿತು. ಅರ್ಹತಾ ಸುತ್ತಿನ ಎದುರಾಳಿಗಳು ಹಿಂದೆ ಸರಿದುದರಿಂದ ಭಾರತಕ್ಕೆ ಬಾಗಿಲು ತಾನಾಗಿ ತೆರೆಯಿತು. ಇಸ್ರೇಲಿನಲ್ಲಿ ನಡೆದ ನಾಲ್ಕು ತಂಡಗಳ ಪಂದ್ಯಾವಳಿಯಲ್ಲಿ ಭಾರತ ದಕ್ಷಿಣ ಕೊರಿಯವನ್ನೂ ಹಾಂಗ್‌ಕಾಂಗನ್ನೂ ಸೋಲಿಸಿ ಎರಡನೆಯ ಸ್ಥಾನ ಪಡೆಯಿತು. ಅದಕ್ಕಿಂತ ಮೇಲಿನ ಸ್ಥಾನ ಭಾರತಕ್ಕೆ ಮತ್ತೆಂದೂ ದೊರೆತಿಲ್ಲ. ಆ ಬಳಿಕ ಇಪ್ಪತ್ತು ವರ್ಷಗಳ ಶೂನ್ಯ. 1984ರಲ್ಲಿ ಕಲ್ಕತ್ತೆಯ ಅರ್ಹತಾ ಸುತ್ತನ್ನು ದಾಟಿದ ತಂಡ ಸಿಂಗಪುರಕ್ಕೆ ಹೋಗಿ ಒಂದೂ ಗೋಲು ಹೊಡೆಯದೆ ಮರಳಿತು. ಮತ್ತೆ ಇಪ್ಪತ್ತೇಳು ವರ್ಷಗಳ ಬಳಿಕ, 2011ರಲ್ಲಿ, ಬೇರೊಂದು ಪಂದ್ಯಾವಳಿಯ ವಿಜೇತನಾಗಿ ದೋಹಾ ನಗರವನ್ನು ಮುಟ್ಟಿತು. 2015ರಲ್ಲಿ ಬಾಗಿಲು ಪುನಃ ಮುಚ್ಚಿತು.

ಕಂಠೀರವದ ಸರದಿ

2015ರಲ್ಲಿ ಅರ್ಹತಾ ಸುತ್ತು ಬೆಂಗಳೂರಿಗೆ ಬಂದಿತು. ವಿಶ್ವಕಪ್ಪಿಗೂ ಏಷ್ಯಾ ಕಪ್ಪಿಗೂ ಒಂದೇ ಹಾದಿಯೆಂದು ಏರ್ಪಾಡು ಮಾಡಿದ್ದ ಕಾಲವದು. ಜೂನ್ 11ರಂದು ಒಮಾನ್ ತಂಡ 2-1ರಿಂದ ಗೆದ್ದಿತು. ಆಟ ಆರಂಭವಾದ ಮೊದಲ ನಿಮಿಷದಲ್ಲೇ ಭಾರತದ ಬಲೆಗೆ ಚೆಂಡು ಬಿದ್ದಿತ್ತು. ಸೆಪ್ಟೆಂಬರ್ 8ರಂದು ಇರಾನಿನ ಬಲಾಢ್ಯರು 3-0ಯಿಂದ ಗೆದ್ದುಹೋದರು. ನವೆಂಬರ್ 12ರಂದು ಗುವಾಮ್ ಎಂಬ ಪುಟ್ಟ ದ್ವೀಪದ ತಂಡವನ್ನು ಭಾರತ ಒಂದೇ ಗೋಲಿನಿಂದ ಸೋಲಿಸಿತು. ಆ ಸುತ್ತಿನಲ್ಲಿ ಭಾರತಕ್ಕೆ ದಕ್ಕಿದ ಗೆಲವು ಅದೊಂದೇ. ಗುಂಪಿನಲ್ಲಿ ಸ್ಥಾನ ಕೊನೆಯದು.

ಆದರೂ ದಾರಿ ಪೂರ್ತಿ ಮುಚ್ಚಿರಲಿಲ್ಲ. 2019ರ ಪಂದ್ಯಾವಳಿಗೆ ಹದಿನಾರರ ಬದಲು ಇಪ್ಪತ್ತನಾಲ್ಕು ತಂಡಗಳನ್ನು ಸೇರಿಸಲು ನಿಶ್ಚಯವಾಗಿದ್ದುದರಿಂದ ಕೆಳಗೆ ಉಳಿದವರಿಗೂ ಇನ್ನೊಂದು ತೂಬು ತೆರೆದಿತ್ತು. 2016ರಲ್ಲಿ ಲಾವೋಸ್ ತಂಡವನ್ನು ಎರಡು ಸಲ ಸೋಲಿಸಿ ಭಾರತ ಕೊನೆಯ ಸುತ್ತಿಗೆ ಬಂದಿತು. ಗುಂಪಿನಲ್ಲಿ ನಾಲ್ಕು ತಂಡಗಳು; ಮೇಲಿನ ಎರಡಕ್ಕೆ ಪ್ರವೇಶ. 2017ರ ಮಾರ್ಚಿನಲ್ಲಿ ಮ್ಯಾನ್ಮಾರ್ ದೇಶದ ಯಾಂಗೋನಿನಲ್ಲಿ ಕೊನೆಯ ಗಳಿಗೆಯ ಗೋಲಿನಿಂದ ಗೆದ್ದು, ತಂಡ ಕಂಠೀರವಕ್ಕೆ ಇಳಿಯಿತು.

2017ರ ಜೂನ್ 13ರ ಸಂಜೆ ಎದುರಾಳಿ ಕಿರ್ಗಿಜ್ ಗಣರಾಜ್ಯ. ಮಧ್ಯ ಏಷ್ಯದ ಮೈಕಟ್ಟಿನ ಆಟಗಾರರು. ಅವರ ಸಂಗಡ ಸಮಬಲವಾದರೂ ಸಾಕೆನ್ನುವಂತಹ ಪಂದ್ಯ. ಒಂದು ಗಂಟೆಯ ಕಾಲ ಗೋಲಿಲ್ಲ. 69ನೆಯ ನಿಮಿಷದಲ್ಲಿ ನಾಯಕ ಸುನಿಲ್ ಛೇತ್ರಿ ಚೆಂಡನ್ನು ತಾನೇ ಮುಂದಕ್ಕೆ ತಂದು ಜೇಜೇ ಲಾಲ್‌ಪೆಖ್ಲುವಾಗೆ ಒಪ್ಪಿಸಿದರು. ಜೇಜೇ ಅದನ್ನು ಹಿಂಪಡೆಯವರ ತಲೆಯ ಮೇಲಿಂದ ಎತ್ತಿಕೊಟ್ಟರು. ಓಡಿಬಂದ ಛೇತ್ರಿ ಬಲೆಗೆ ಸೇರಿಸಿದರು. ಅದೇ ಸಂಜೆಯ ಏಕೈಕ ಗೋಲು. ಉಳಿದ ಇಪ್ಪತ್ತು ನಿಮಿಷಗಳು ಕೂಡಿದವರಿಗೆ ಇಪ್ಪತ್ತು ಯುಗಗಳಾಗಿದ್ದಿರಬೇಕು.

ಸೆಪ್ಟೆಂಬರಿನಲ್ಲಿ ಮಕಾವ್ ನೆಲದಲ್ಲಿ 2-0ಯಿಂದ ಗೆದ್ದು ಬಂದ ತಂಡಕ್ಕೆ ಅಕ್ಟೋಬರ್ 11ರಂದು ಅದೇ ಮಕಾವ್ ಕಂಠೀರವದಲ್ಲಿ ಎದುರಾಯಿತು. ಗೆದ್ದರೆ ಇನ್ನೆರಡು ಪಂದ್ಯಗಳು ಉಳಿದಿರುವಾಗಲೇ ಪ್ರವೇಶ ಖಚಿತ. ರೌಲಿನ್ ಬೋರ್ಜೆಸ್ ಮೊದಲ ಗೋಲು ಹೊಡೆದರು. ಹತ್ತು ನಿಮಿಷ ಕಳೆಯುವುದರೊಳಗೆ ಮಕಾವ್ ಸಮ ಮಾಡಿತು. ವಿರಾಮದ ವೇಳೆಗೆ 1-1. ಎರಡನೆಯ ಅರ್ಧದಲ್ಲಿ ಛೇತ್ರಿಯ ಗೋಲು, ಬಳಿಕ ಎದುರಾಳಿಯ ಕಾಲಿನಿಂದಲೇ ಬಂದ ಇನ್ನೊಂದು, ಕಡೆಯ ಕ್ಷಣಗಳಲ್ಲಿ ಜೇಜೇಯವರದು, 4-1. ನಾಲ್ಕು ಪಂದ್ಯ, ನಾಲ್ಕು ಜಯ. ಕೆರೆಯಂಗಳದಲ್ಲಿ ಏಷ್ಯದ ಹೆಬ್ಬಾಗಿಲು ತೆರೆಯಿತು.

ಅದರ ಫಲವಾಗಿ 2019ರ ಜನವರಿ 6ರಂದು ಅಬುಧಾಬಿಯಲ್ಲಿ ಭಾರತ ಥಾಯ್ಲೆಂಡನ್ನು 4-1ರಿಂದ ಸೋಲಿಸಿತು. 1964ರ ಬಳಿಕ ಏಷ್ಯಾ ಕಪ್ಪಿನಲ್ಲಿ ಭಾರತ ಕಂಡ ಮೊದಲ ಗೆಲವು ಅದು. ಮುಂದಿನ ಎರಡು ಪಂದ್ಯಗಳನ್ನು ಸೋತು ಮನೆಗೆ ಬಂದಿತೆಂಬುದು ನಿಜ. ಆದರೆ ಐವತ್ತೈದು ವರ್ಷಗಳ ಬಳಿಕ ಬಂದ ಆ ಗೆಲವಿನ ಬೇರು ಬೆಂಗಳೂರಿನ ಎರಡು ಸಂಜೆಗಳಲ್ಲಿತ್ತು.

ಬೀದಿಯ ಆಟಗಾರರು, ಎರಡು ಸಂಸ್ಥಾನಗಳು

ಈ ಸಂಜೆಗಳು ಬರಿಯ ಬಯಲಿನಲ್ಲಿ ಹುಟ್ಟಿದವಲ್ಲ. ಕಂಠೀರವದಿಂದ ಪೂರ್ವಕ್ಕೆ ಹೋದರೆ ಹಳೆಯ ದಂಡಿನ ಪ್ರದೇಶ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ ಇವು ತಲೆಮಾರುಗಳಿಂದ ಕಾಲ್ಚೆಂಡಿನ ಕೇರಿಗಳು. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಬರಿಗಾಲಿನ ಚಮತ್ಕಾರದಿಂದ ಹೆಸರಾದ ಅಹಮದ್ ಖಾನ್ ಇಬ್ಬರೂ ಬೆಂಗಳೂರಿನವರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು; 1968-69ರ ಬಳಿಕ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮರಳಿ ಪಡೆಯಿತು.

ಇತ್ತ ತುರ್ವಿಹಾಳದ ಸೀಮೆಗೂ ಈ ಆಟದ ಚರಿತ್ರೆಗೂ ಸಂಬಂಧವಿಲ್ಲವೆಂದು ತಿಳಿಯಬಾರದು. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ಕಾಲದಲ್ಲಿ ಹೈದರಾಬಾದ್ ನಗರವೆಂದರೆ ಭಾರತದ ಕಾಲ್ಚೆಂಡಿನ ಒಂದು ರಾಜಧಾನಿ. ಅಲ್ಲಿನ ಪೊಲೀಸ್ ತಂಡವನ್ನು ಪಳಗಿಸಿದ ಸಯ್ಯದ್ ಅಬ್ದುಲ್ ರಹೀಂ ಅವರೇ ದೇಶದ ತಂಡಕ್ಕೂ ಗುರು. ರಾಯಚೂರು ಕನ್ನಡ ರಾಜ್ಯವನ್ನು ಸೇರಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದ ಗುರು ಹೈದರಾಬಾದಿನ ರಹೀಂ. ಆಟಗಾರರಲ್ಲಿ ಬೆಂಗಳೂರಿನ ಕೆಂಪಯ್ಯ. ಸಿಂಧನೂರಿನ ರೈತನು ಬಿಟ್ಟುಬಂದ ರಾಜ್ಯದ ವಿದ್ಯೆ, ಬಂದುಸೇರಿದ ರಾಜ್ಯದ ಕಾಲ್ಬಲ ಎರಡೂ ಅಲ್ಲಿ ಒಂದಾಗಿದ್ದವು.

ಅಂಥ ಎರಡು ಕಾಲ್ಚೆಂಡಿನ ನಗರಗಳ ನಡುವಿನ ಸೀಮೆಯಾದರೂ ವಿದ್ಯೆ ನಗರಗಳಲ್ಲೇ ನಿಂತಿತು. ಕರ್ನಾಟಕದ ಕಾಲ್ಚೆಂಡಿನ ದೊಡ್ಡ ಹೆಸರುಗಳನ್ನು ಎಣಿಸಿದರೆ ಹೆಚ್ಚಿನವು ಬೆಂಗಳೂರಿನ ಪೂರ್ವ ಭಾಗದ ಕೆಲವೇ ಬೀದಿಗಳಿಗೆ ಸೇರುತ್ತವೆ. ಜಲಾಶಯದ ಮಗ್ಗುಲಿನ ಗದ್ದೆ ಹಸುರಾದಂತೆ ಆ ಬೀದಿಗಳು ಹಸುರಾದವು. ಕಾಲುವೆ ಮುಂದಕ್ಕೆ ಹರಿಯಲಿಲ್ಲ.

ಮುಚ್ಚಿದ ಬಾಗಿಲು

2022ರ ಜೂನಿನಲ್ಲಿ ಕೋಲ್ಕತ್ತದ ಅರ್ಹತಾ ಸುತ್ತಿನ ಮೂರು ಪಂದ್ಯಗಳನ್ನೂ ಗೆದ್ದು ಭಾರತ ಮೊತ್ತಮೊದಲಿಗೆ ಸತತ ಎರಡನೆಯ ಬಾರಿ ಏಷ್ಯಾ ಕಪ್ಪಿಗೆ ಹೋಯಿತು. 2024ರ ಜನವರಿಯಲ್ಲಿ ಕತಾರಿನಲ್ಲಿ ಆಡಿದ ಮೂರು ಪಂದ್ಯಗಳಲ್ಲಿ ಒಂದು ಗೋಲೂ ಬರಲಿಲ್ಲ. 2027ರ ಪಂದ್ಯಾವಳಿಯ ಅರ್ಹತಾ ಸುತ್ತಿನಲ್ಲಿ ಬಾಂಗ್ಲಾದೇಶದೊಡನೆ ಶಿಲ್ಲಾಂಗಿನಲ್ಲಿ ಗೋಲಿಲ್ಲದ ಸಮಬಲ, ಹಾಂಗ್‌ಕಾಂಗಿನಲ್ಲಿ ಸೋಲು. 2025ರ ಅಕ್ಟೋಬರ್ 14ರಂದು ಗೋವೆಯ ಮಡಗಾವಿನಲ್ಲಿ, ತವರಿನ ಅಂಗಳದಲ್ಲೇ, ಮೊದಲು ಗೋಲು ಹೊಡೆದೂ ಸಿಂಗಪುರಕ್ಕೆ 1-2ರಿಂದ ಸೋತಾಗ ಬಾಗಿಲು ಮುಚ್ಚಿತು. ಎರ್ನಾಕುಳಂನ ಹಳೆಯ ಪಾಠವನ್ನು ಮಡಗಾವು ಮತ್ತೊಮ್ಮೆ ಓದಿಸಿತು.

ಎಲ್ಲಿ ತಪ್ಪಿತೆಂದು ಪಂಡಿತರು ಚರ್ಚಿಸುತ್ತಾರೆ. ತರಬೇತುದಾರನನ್ನು ದೂರುವವರುಂಟು, ಸಂಘಸಂಸ್ಥೆಗಳನ್ನು ದೂರುವವರುಂಟು. ಕಾಲುವೆಯ ನಾಡಿನವರು ಕೇಳುವ ಪ್ರಶ್ನೆ ಮಾತ್ರ ಬೇರೆ: ನೀರು ಎಷ್ಟು ದೂರ ಹರಿಯಿತು? ನೂರು ಕೋಟಿಗೂ ಮೀರಿದ ಜನರ ದೇಶ ಹನ್ನೊಂದು ಮಂದಿಯನ್ನು ಆರಿಸುವಾಗ ಕೆಲವೇ ಊರುಗಳ ಕೆಲವೇ ಬೀದಿಗಳಲ್ಲಿ ಹುಡುಕುವುದಾದರೆ, ಪುಟ್ಟ ಸಿಂಗಪುರಕ್ಕೂ ಅದಕ್ಕೂ ಅಂತರವೇನು ಉಳಿಯಿತು?

ಕಂಠೀರವದ ಹುಲ್ಲು ಇಂದಿಗೂ ಹಸುರಾಗಿದೆ. ಸಿಂಧನೂರಿನಿಂದ ರೈಲು ಹೊರಡುತ್ತದೆ. ಅರ್ಹತಾ ಸುತ್ತಿನ ಪಂದ್ಯವೊಂದು ಮತ್ತೆ ಬೆಂಗಳೂರಿಗೆ ಬಂದರೆ ತುರ್ವಿಹಾಳದ ಹುಡುಗನು ಟಿಕೆಟು ಕೊಂಡು ಮೆಟ್ಟಿಲ ಮೇಲೆ ಕುಳಿತು ನೋಡುವುದು ಈಗ ಕಷ್ಟವಲ್ಲ. ಮೆಟ್ಟಿಲಿನಿಂದ ಅಂಗಳದ ಹುಲ್ಲಿಗೆ ಇರುವುದು ಒಂದು ಓಟದ ಹಾದಿಯ ಅಗಲ ಮಾತ್ರ. ತುರ್ವಿಹಾಳದ ಕಡೆಯಿಂದ ಅದನ್ನು ದಾಟುವುದಕ್ಕೆ ಬೇಕಾದ ಕಾಲುವೆಯನ್ನು ತೋಡುವ ಕೆಲಸ ಇನ್ನೂ ಬಾಕಿ ಇದೆ.