ಮೂರು ತಟ್ಟೆಗಳ ಸಂಸಾರ

ಹಾಡನ್ನು ಮನೆಯೊಳಗೆ ಕೂಡಿಡಬೇಕೆಂಬ ಆಸೆ ಮನುಷ್ಯನಿಗೆ ಬಹುಕಾಲದ್ದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಮ್ಮ ಕಂಠವನ್ನು ಗ್ರಾಮಫೋನ್ ತಟ್ಟೆಗೆ ಒಪ್ಪಿಸಿದಾಗ ಒಂದು ರಾಗಕ್ಕೆ ದೊರೆತ ಅವಕಾಶ ಸುಮಾರು ೩ ನಿಮಿಷ ಮಾತ್ರ. ೧೯೭೮ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ರೂಪದಲ್ಲಿ ಹೊರಬಂದ ಮೇಲೆ ಕನ್ನಡದ ಭಾವಗೀತೆಗೂ ಮನೆಗಳ ಬಾಗಿಲು ತೆರೆಯಿತು. ೧೯೮೨ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸಿ.ಡಿ.ಯಾದರೋ ಕೇವಲ ೧೨ ಸೆಂಟಿಮೀಟರ್ ಅಗಲದ ಹೊಳೆಯುವ ತಟ್ಟೆ. ಆದರೂ ಒಂದು ಗಂಟೆಗೆ ಮೀರಿದ ಸಂಗೀತ ಅದರಲ್ಲಿ ಅಡಗಿತು. ಅಷ್ಟಕ್ಕೂ ತೃಪ್ತಿಯಾಗದೆ, ಮೂರು ಅಥವಾ ಐದು ತಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಒಂದಾದ ಮೇಲೊಂದರಂತೆ ಹಾಡಿಸುವ ಯಂತ್ರವೂ ಹುಟ್ಟಿಕೊಂಡಿತು.

ಅಂಥದೊಂದು ಯಂತ್ರ ೧೯೯೮ರ ದೀಪಾವಳಿಗೆ ರಾಜಾಜಿನಗರದ ಒಂದು ಮನೆಯನ್ನು ಪ್ರವೇಶಿಸಿತು. ಯಜಮಾನರು ಕಾರ್ಖಾನೆಯೊಂದರ ನೌಕರರು. ಆ ವರ್ಷದ ಬೋನಸ್ಸಿನ ಬಹುಭಾಗ ಇದಕ್ಕೇ ಸಂದಿತು. “ಈ ಹಣದಲ್ಲಿ ಒಂದು ಬೀರು ಬರುತ್ತಿತ್ತು” ಎಂದು ಮನೆಯಾಕೆ ಒಮ್ಮೆ ಹೇಳಿ ಸುಮ್ಮನಾದರು.

ಯಂತ್ರದೊಳಗೆ ತಿರುಗುವ ಮಣೆ. ಮಣೆಯ ಮೇಲೆ ಮೂರು ಸ್ಥಾನ. ಮೊದಲನೆಯದು ಯಜಮಾನರ ತಾಯಿಯವರ ದೇವರನಾಮಗಳಿಗೆ, ಎರಡನೆಯದು ಮಗಳ ಚಲನಚಿತ್ರ ಗೀತೆಗಳಿಗೆ, ಮೂರನೆಯದು ಯಜಮಾನರು ಮೆಚ್ಚಿದ ಮಲ್ಲಿಕಾರ್ಜುನ ಮನ್ಸೂರರ ಗಾಯನಕ್ಕೆ. “ನಿನಗೆ ಯಾವುದು?” ಎಂದು ಕೇಳಿದಾಗ ಮನೆಯಾಕೆ, “ಅಡುಗೆಮನೆಗೆ ಮೂರೂ ಕೇಳಿಸುತ್ತವೆ” ಎಂದರು. ಆ ಮಾತಿನಲ್ಲಿ ಎಷ್ಟು ತೃಪ್ತಿಯಿತ್ತು, ಎಷ್ಟು ಚುಚ್ಚುವಿಕೆಯಿತ್ತು ಎಂಬುದು ಯಜಮಾನರಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಮರುವಾರದಿಂದ ಭಾನುವಾರದ ಮೊದಲ ಸ್ಥಾನ ಆಕೆಯ ಭಾವಗೀತೆಗೆ ಮೀಸಲಾಯಿತು.

ಆ ಯಂತ್ರಕ್ಕೊಂದು ಗುಣವಿತ್ತು. ವಿದ್ಯುತ್ತು ಹೋಗಿ ಬಂದರೆ ತಾನು ಎಲ್ಲಿಯವರೆಗೆ ಹಾಡಿದ್ದೆನೆಂಬುದನ್ನು ಮರೆತು, ಮತ್ತೆ ಮೊದಲನೆಯ ತಟ್ಟೆಯಿಂದಲೇ ಆರಂಭಿಸುತ್ತಿತ್ತು. ಹೀಗಾಗಿ ಅನೇಕ ಸಂಜೆ ಮೂರನೆಯದರ ಸರದಿ ಬರುತ್ತಲೇ ಇರಲಿಲ್ಲ. ಇದನ್ನು ಬಲ್ಲ ಯಜಮಾನರು ತಮ್ಮ ಸ್ಥಾನವನ್ನು ಬದಲಿಸಲಿಲ್ಲ. ಮನೆಗೆ ಯಜಮಾನರಾದವರು ಸರದಿಯಲ್ಲಿ ಕೊನೆಗೆ ನಿಲ್ಲಬೇಕೆಂಬುದನ್ನು ಅವರು ಬಾಯಿಬಿಟ್ಟು ಹೇಳಿದವರೂ ಅಲ್ಲ. ತನ್ನ ಹಾಡಿಗಾಗಿ ಕಾಯುತ್ತ ಕುಳಿತ ಮಗಳಿಗೆ ಮಾತ್ರ ಅಜ್ಜಿಯ ಕೀರ್ತನೆಗಳು ಬಾಯಿಪಾಠವಾದವು. ಸಿನಿಮಾ ಹಾಡಿನ ಪಲ್ಲವಿಯೊಂದನ್ನು ಅಜ್ಜಿ ಹೂ ಕಟ್ಟುತ್ತ ಗುನುಗುವುದೂ ಕೇಳಿಬಂತು.

ಸಿ.ಡಿ.ಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳ ಸುರುಳಿಯಿರುತ್ತದೆ. ಅದರ ಮೇಲೆ ಬಿದ್ದು ಹಿಂದಿರುಗುವ ಲೇಸರ್ ಬೆಳಕಿನ ಏರಿಳಿತವನ್ನು ಓದಿ ಯಂತ್ರವು ನಾದವನ್ನು ಮರಳಿಸುತ್ತದೆ. ಓದು ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಆರಂಭದಲ್ಲಿ ನಿಮಿಷಕ್ಕೆ ಸುಮಾರು ೫೦೦ ಸುತ್ತು ತಿರುಗುವ ತಟ್ಟೆ ಅಂಚಿನ ಬಳಿ ಸುಮಾರು ೨೦೦ಕ್ಕೆ ಇಳಿಯುತ್ತದೆ. ಗ್ರಾಮಫೋನಿನಂತೆ ಮುಳ್ಳು ತಾಗುವುದಿಲ್ಲವಾದ್ದರಿಂದ ತಟ್ಟೆಗೆ ಸವೆತವಿಲ್ಲ. ಆದರೆ ಇಷ್ಟು ಸೂಕ್ಷ್ಮವಾದ ಯಂತ್ರದಲ್ಲಿ ಮಣೆಯನ್ನು ಹೊರಗೆ ತಂದು ಒಳಗೆ ಒಯ್ಯುವುದು ಬಳೆಯಂಥ ಒಂದು ರಬ್ಬರ್ ಬೆಲ್ಟು!

೨೦೧೮ರಲ್ಲಿ ಆ ಬೆಲ್ಟು ಸಡಿಲಗೊಂಡು, ದೇವರನಾಮದ ತಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಯಂತ್ರ ಮೌನವಾಯಿತು. ಒಂದು ಅಂಗಡಿಯವರು, “ಇದರ ಭಾಗಗಳು ಸಿಗುವುದಿಲ್ಲ, ಎಸೆದುಬಿಡಿ” ಎಂದರು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಬಂದಿತ್ತು. ಅವರವರ ಹಾಡು ಅವರವರ ಕಿವಿಯಲ್ಲಿ. ಯಾರಿಗೂ ಕೊರತೆಯಾದಂತೆ ತೋರಲಿಲ್ಲ. ಮೊಬೈಲಿನ ಗಾಜನ್ನು ಒತ್ತಲು ಬಾರದ ಮುದುಕಿಯೊಬ್ಬರು ಮಾತ್ರ ಸಂಜೆ ಯಂತ್ರದ ಮುಂದೆ ಕುಳಿತು ಸುಮ್ಮನೆ ಹೂ ಕಟ್ಟುತ್ತಿದ್ದರು. “ನನ್ನ ತಟ್ಟೆ ಒಳಗೇ ಉಳಿಯಿತಲ್ಲೇ ಪುಟ್ಟಿ” ಎಂದು ಒಮ್ಮೆ ಅವರೆಂದಾಗ ಮೊಮ್ಮಗಳು ಕಿವಿಯಲ್ಲಿದ್ದುದನ್ನು ತೆಗೆದಿಟ್ಟಳು.

ಆ ಶನಿವಾರ ಅವಳು ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದಳು. ಅಲ್ಲಿನ ರಿಪೇರಿಯವನು ಮುಚ್ಚಳ ತೆಗೆದು, ಜೋತುಬಿದ್ದ ಬೆಲ್ಟನ್ನು ಬೆರಳಿಗೆ ಸಿಕ್ಕಿಸಿ ತೋರಿಸಿ, “ರಬ್ಬರಿಗೂ ಮುಪ್ಪು ಬರುತ್ತದಮ್ಮ” ಎಂದ. ಹೊಸದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

ಇಂದು ಲಕ್ಷಗಟ್ಟಲೆ ಹಾಡುಗಳು ಬೆರಳ ತುದಿಯಲ್ಲಿವೆ. ಅದು ದೊಡ್ಡ ಸೌಭಾಗ್ಯವೇ ಸರಿ. ಆದರೆ ಬೇಕಾದುದನ್ನು ಬೇಕಾದ ಕ್ಷಣದಲ್ಲೇ ಕೇಳಬಲ್ಲವನು ಇನ್ನೊಬ್ಬರ ಹಾಡು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಒಂದೇ ಸೂರಿನಡಿ ಬಾಳುವವರು ಒಬ್ಬರ ಮನಸ್ಸನ್ನೊಬ್ಬರು ಅರಿಯುವುದು ಹೆಚ್ಚಾಗಿ ಹಾಗೆ ಕಾಯುವ ಹೊತ್ತಿನಲ್ಲಿಯೇ. ಮಣೆಯನ್ನು ತಿರುಗಿಸುವುದಷ್ಟೇ ಯಂತ್ರದ ಕೆಲಸ. ಅದರ ಮೇಲೆ ಯಾರಿಗೆ ಮೊದಲ ಸ್ಥಾನವೆಂಬುದನ್ನು ಮನೆಯವರೇ ನಿರ್ಧರಿಸಬೇಕು.